ಕಳ್ಳ ಸಿ.ಡಿ. ಅಂಗಡಿಯಲ್ಲಿ ಹುಟ್ಟಿದ ಪ್ರೇಮ: ‘ಸೆಪೆಟ್’ ಪ್ರಕರಣ

ಮನೆಯೊಂದರಲ್ಲಿ ಚೀನೀ ಹುಡುಗನೊಬ್ಬ ತಾಯಿಗೆ ಕವಿತೆ ಓದಿ ಹೇಳುತ್ತಿದ್ದಾನೆ. ಓದುತ್ತಿರುವುದು ಚೀನೀ ಭಾಷೆಯಲ್ಲಿ, ಕವಿತೆ ಮಾತ್ರ ರವೀಂದ್ರನಾಥ ಟಾಗೋರರದು. ಬರೆದವನು ಭಾರತದವನು ಎಂದು ತಿಳಿದು ತಾಯಿ ಅಚ್ಚರಿಪಡುತ್ತಾಳೆ. ಊರು ಬೇರೆ, ಭಾಷೆ ಬೇರೆ, ಆದರೂ ಅವನ ಮನಸ್ಸಿನಲ್ಲಿದ್ದದ್ದು ನಮಗೆ ತಿಳಿಯುತ್ತದಲ್ಲ ಎಂಬುದು ಅವಳ ಬೆರಗು. ಅದೇ ಊರಿನ ಇನ್ನೊಂದು ಮನೆಯಲ್ಲಿ ಮಲಯ್ ಹುಡುಗಿಯೊಬ್ಬಳು ನಮಾಜಿನ ಬಿಳಿ ವಸ್ತ್ರ ತೊಟ್ಟು ಕುರಾನ್ ಓದುತ್ತಿದ್ದಾಳೆ. ಓದು ಮುಗಿಸಿ ಬಟ್ಟೆಯ ಕಪಾಟು ತೆರೆದರೆ ಬಾಗಿಲಿನ ಒಳಮೈ ತುಂಬ ತಕೇಶಿ ಕನೆಶಿರೊನ ಚಿತ್ರಗಳು. ಆತ ಹಾಂಗ್‌ಕಾಂಗ್ ಚಿತ್ರಗಳಿಂದ ಹೆಸರಾದ, ಅರ್ಧ ಜಪಾನಿ ಅರ್ಧ ತೈವಾನಿ ನಟ.

2005ರಲ್ಲಿ ಮಲೇಷ್ಯಾದಲ್ಲಿ ತೆರೆಕಂಡ ‘ಸೆಪೆಟ್’ ಶುರುವಾಗುವುದು ಹೀಗೆ. ನಿರ್ದೇಶಕಿ ಯಾಸ್ಮಿನ್ ಅಹ್ಮದ್. ಜಾಹೀರಾತು ಲೋಕದಲ್ಲಿ ಹೆಸರು ಮಾಡಿದ್ದ, ಹಬ್ಬಹಬ್ಬಕ್ಕೂ ಪೆಟ್ರೋನಾಸ್ ತೈಲ ಕಂಪನಿಗೆ ಮಾಡುತ್ತಿದ್ದ ಕಿರುಚಿತ್ರಗಳಿಂದ ದೇಶದ ಕಣ್ಣೀರು ತರಿಸುತ್ತಿದ್ದ ಹೆಣ್ಣುಮಗಳು. ‘ಸೆಪೆಟ್’ ಎಂದರೆ ಮಲಯ್‌ನಲ್ಲಿ ಕಿರಿದಾದ, ಸೀಳಿದಂತಿರುವ ಕಣ್ಣು. ಚೀನೀಯರನ್ನು ಹಂಗಿಸಲು ಬಳಸುವ ಮಾತು. ಬೈಗುಳವನ್ನೇ ಎತ್ತಿಕೊಂಡು ಪ್ರೇಮಕತೆಗೆ ಹೆಸರಿಟ್ಟಾಗಲೇ ಆಕೆ ಏನನ್ನು ಕೆಣಕಲು ಹೊರಟಿದ್ದಾಳೆ ಎಂಬುದು ಗೊತ್ತಾಗಬೇಕಿತ್ತು.

ಮಲಯ್ ಜನಪ್ರಿಯ ಕತೆ ಮತ್ತು ಸಿನಿಮಾದಲ್ಲಿ ದಾರಿ ತಪ್ಪಿದ ಹುಡುಗನಿಗೆ ಸಿಗುವ ಕ್ಷಮೆ ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಲು ಈ ಚಿತ್ರಕ್ಕಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ.

ಮೊದಲು ಊರು. ಇಪೋ, ಪೆರಾಕ್ ರಾಜ್ಯದ ರಾಜಧಾನಿ. ಕಿಂಟಾ ಕಣಿವೆಯ ತವರದ ಗಣಿಗಳಿಂದ ಬೆಳೆದ ಪಟ್ಟಣ. ಗಣಿಗೆ ಬಂದವರು ದಕ್ಷಿಣ ಚೀನಾದ ಕೂಲಿಗಳು. ಹಾಗಾಗಿ ಇಂದಿಗೂ ಪೇಟೆಯ ಮಾತು ಕ್ಯಾಂಟನೀಸ್. ಹುಡುಗನ ಹೆಸರು ಆಹ್ ಲೂಂಗ್, ತಾನಾಗಿ ಇಟ್ಟುಕೊಂಡದ್ದು ಜೇಸನ್. ತಾಯಿ ನ್ಯೋನ್ಯಾ. ಶತಮಾನಗಳ ಹಿಂದೆ ಮಲಾಕ್ಕಾ, ಪೆನಾಂಗ್ ಕಡೆ ನೆಲೆಸಿ, ಅಲ್ಲಿನ ಹೆಂಗಸರನ್ನೇ ಮದುವೆಯಾದ ಚೀನೀ ವರ್ತಕರ ಸಂತತಿಯವಳು. ಮನೆಯಲ್ಲಿ ಆಕೆ ಆಡುವುದು ಮಲಯ್, ಗಾಲಿಕುರ್ಚಿಯಲ್ಲಿ ಕೂತ ಗಂಡ ಜಗಳವಾಡುವುದು ಕ್ಯಾಂಟನೀಸ್‌ನಲ್ಲಿ. ಒಬ್ಬರ ಭಾಷೆಗೆ ಇನ್ನೊಬ್ಬರು ಉತ್ತರ ಕೊಡದಿದ್ದರೂ ಜಗಳವೇನೂ ನಿಲ್ಲುವುದಿಲ್ಲ. ನಿರ್ದೇಶಕಿ ಇದಕ್ಕೆ ವಿವರಣೆ ಕೊಡಲು ಹೋಗುವುದಿಲ್ಲ. ಎರಡು ಜನಾಂಗ ಬೆರೆಯಬಹುದೇ ಎಂದು ಕೇಳುವವರಿಗೆ ಉತ್ತರ ನಾಯಕನ ಅಡುಗೆಮನೆಯಲ್ಲೇ ಸಾರು ಬಡಿಸುತ್ತಿದೆ.

ಹುಡುಗಿ ಒರ್ಕೆಡ್. ಆರ್ಕಿಡ್ ಹೂವಿನ ಮಲಯ್ ಹೆಸರು. ನಿರ್ದೇಶಕಿಯ ಸ್ವಂತ ತಂಗಿಯ ಹೆಸರೂ ಹೌದು. ಶಾರಿಫಾ ಅಮಾನಿ ಎಂಬ ಹೊಸ ಹುಡುಗಿ ಈ ಪಾತ್ರ ಮಾಡಿದಳು. ಶಾಲೆ ಮುಗಿಸುವ ಪರೀಕ್ಷೆಯ ಹೊಸ್ತಿಲಲ್ಲಿರುವ, ಮನೆಯಲ್ಲಿ ಮುದ್ದಿನಿಂದ ಬೆಳೆದ ಹುಡುಗಿ. ಅಪ್ಪ ಅಮ್ಮ ನಡುಮನೆಯಲ್ಲೇ ಸರಸವಾಡುವ ಜೋಡಿ. ಮನೆಗೆಲಸದ ಯಾಮ್ ಅಕ್ಕ ಯಜಮಾನಿಯನ್ನೇ ಛೇಡಿಸುವಷ್ಟು ಸಲಿಗೆಯವಳು. ಆ ಕಾಲದ ಮಲಯ್ ತೆರೆಯ ಮೇಲೆ ಇಂಥ ಮನೆ ಅಪರೂಪ. ಅಪ್ಪ ಅಂದರೆ ಗದರುವವನು, ಅಮ್ಮ ಅಂದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವಳು ಎಂಬ ಅಚ್ಚು ಅಲ್ಲೂ ಇತ್ತು.

ಇಬ್ಬರೂ ಎದುರಾಗುವುದು ಜೇಸನ್ನನ ಅಂಗಡಿಯಲ್ಲಿ. ಅಂಗಡಿಯೆಂದರೆ ಸಂತೆಯಲ್ಲಿ ಮಡಚುವ ಮೇಜು, ಅದರ ಮೇಲೆ ಸಾಲಾಗಿ ಜೋಡಿಸಿದ ಕಳ್ಳ ವಿ.ಸಿ.ಡಿ.ಗಳು. ಹುಡುಗಿ ಗೆಳತಿಯೊಂದಿಗೆ ಕನೆಶಿರೊನ ಚಿತ್ರ ಹುಡುಕಿಕೊಂಡು ಬಂದಿದ್ದಾಳೆ. ಕಣ್ಣು ಕಣ್ಣು ಕೂಡುತ್ತದೆ, ಕೆಲಸ ಕೆಡುತ್ತದೆ. ನನಗೆ ಈ ದೃಶ್ಯದಲ್ಲಿ ನೋಟಕ್ಕಿಂತ ಮೇಜೇ ಮುಖ್ಯ. ಇಬ್ಬರ ಶಾಲೆ, ಬೀದಿ, ದೇವರು, ತಟ್ಟೆಯ ಮಾಂಸ ಎಲ್ಲವೂ ಬೇರೆ. ಈ ಊರಿನಲ್ಲಿ ಅವರಿಬ್ಬರನ್ನು ಒಂದೆಡೆ ನಿಲ್ಲಿಸಬಲ್ಲ ಜಾಗ ಕಾನೂನಿಗೆ ವಿರುದ್ಧವಾದ ಆ ಮೇಜು ಒಂದೇ. ಅವಳ ಕಪಾಟಿನ ಚಿತ್ರಗಳು, ಅವಳ ಹಾಂಗ್‌ಕಾಂಗ್ ಹುಚ್ಚು, ಎಲ್ಲಕ್ಕೂ ಮೇವು ಹಾಕುತ್ತಿದ್ದದ್ದು ಇಂಥ ಮೇಜುಗಳೇ.

ಈಗ ಹುಡುಗನ ಜಾತಕ ತೆಗೆಯೋಣ. ಕಳ್ಳ ಸಿ.ಡಿ. ಮಾರುತ್ತಾನೆ. ಆ ದಂಧೆಯ ಹಿಂದಿರುವ ಪುಂಡರ ಗುಂಪಿನ ಋಣದಲ್ಲಿದ್ದಾನೆ. ಗುಂಪಿನ ನಾಯಕನ ತಂಗಿ ಅವನಿಂದ ಗರ್ಭಿಣಿ. ಇಷ್ಟು ಸಾಮಾನು ಕೈಗೆ ಕೊಟ್ಟರೆ ಕೌಲಾಲಂಪುರದ ಯಾವ ನಿರ್ಮಾಪಕನಾದರೂ ‘ದಾರಿ ತಪ್ಪಿದ ಯುವಕ’ನ ಚಿತ್ರವನ್ನು ಆರು ವಾರದಲ್ಲಿ ಮಾಡಿ ಮುಗಿಸುತ್ತಿದ್ದ. ಏಕೆಂದರೆ ಆ ಪಾಕಕ್ಕೆ ಅಲ್ಲಿ ಹಳೆಯ ಒಲೆ ಇದೆ.

1985ರಲ್ಲಿ ‘ಅಲಿ ಸೆತಾನ್’ ಬಂತು: ಕಾಲೇಜಿನ ತುಂಟ ಪ್ರೇಮದಲ್ಲಿ ಬಿದ್ದು ಮೆತ್ತಗಾಗುವ ಕತೆ. ಅದೇ ವರ್ಷ ಬಂದ ‘ಗಿಲಾ ಗಿಲಾ ರೆಮಾಜಾ’ದ ಹೆಸರಿನಲ್ಲೇ ಹರೆಯದ ಹುಚ್ಚಿದೆ. ಅಹಾದಿಯಾತ್ ಅಕಾಶಾ ಬರೆದ ‘ಲಗೆಂಡಾ ಬುಡಾಕ್ ಸೆತಾನ್’ ಕಾದಂಬರಿ ಒಂದು ತಲೆಮಾರಿನ ಹುಡುಗ ಹುಡುಗಿಯರ ಪಠ್ಯಪುಸ್ತಕದ ಮರೆಯಲ್ಲಿ ಓದಿಸಿಕೊಂಡು, 2010ರಲ್ಲಿ ಸಿನಿಮಾ ಆಯಿತು. ನಿರ್ದೇಶಿಸಿದವರು ಭಾರತ ಮೂಲದ ಶರದ್ ಶರಣ್. ‘ಬುಡಾಕ್ ಸೆತಾನ್’ ಎಂದರೆ ಸೈತಾನನಂಥ ಹುಡುಗ. ನಮ್ಮಲ್ಲಿ ಅಜ್ಜಿಯರು ‘ಪಿಶಾಚಿ ಮುಂಡೇದೆ’ ಎಂದು ಮೊಮ್ಮಗನ ಕೆನ್ನೆ ಹಿಂಡುವಾಗ ಇರುವ ಪ್ರೀತಿ ಆ ಸೈತಾನ ಶಬ್ದದಲ್ಲೂ ಇದೆ.

ತೊಂಬತ್ತರ ದಶಕದಲ್ಲಿ ದನಿ ಬದಲಾಯಿತು. ಬೀದಿಬದಿ, ಅಂಗಡಿ ಸಂಕೀರ್ಣದ ಮೆಟ್ಟಿಲ ಮೇಲೆ ಸುಮ್ಮನೆ ಕೂರುವುದಕ್ಕೆ ‘ಲೆಪಾಕ್’ ಎಂಬ ಪದ. ಅದೊಂದು ರಾಷ್ಟ್ರೀಯ ರೋಗವೆಂಬಂತೆ ಪತ್ರಿಕೆಗಳು ಬರೆದವು. ರಾತ್ರಿ ಹುಡುಗರ ಬೈಕಿನ ಹಿಂದೆ ಕೂತು ಹೋಗುವ ಹುಡುಗಿಯರಿಗೆ ‘ಬೋಸಿಯಾ’ ಎಂದು ಹೆಸರು ಬಿತ್ತು. ಅದು ಹೊಕ್ಕಿಯೆನ್ ಎಂಬ ಚೀನೀ ನುಡಿಯ ಮಾತು, ‘ಸದ್ದಿಲ್ಲದ್ದು’ ಎಂದರ್ಥ. ಬೈಕಿನ ಮೇಲೆ ಮಲಗಿ ಹೆದ್ದಾರಿಯಲ್ಲಿ ಪಂದ್ಯ ಕಟ್ಟುವವರು ‘ಮಾತ್ ರೆಂಪಿತ್’ ಆದರು. 2006ರ ‘ರೆಂಪ್-ಇಟ್’, 2009ರ ‘ಬೋಸಿಯಾ: ಜಾಙಾನ್ ಪಿಲೀಹ್ ಜಾಲನ್ ಹಿತಾಮ್’ ಇವರ ಬೆನ್ನು ಹತ್ತಿ ಹಣ ಮಾಡಿದವು. ಎರಡನೆಯದರ ಅಡಿಬರಹದ ಅರ್ಥ ‘ಕಪ್ಪು ದಾರಿ ಹಿಡಿಯಬೇಡ’. ಇಂಥ ಚಿತ್ರಗಳ ಲೆಕ್ಕಾಚಾರ ಸರಳ. ಹೆಚ್ಚಿನ ಪಾಲು ಕಪ್ಪು ದಾರಿಯ ಮೋಜನ್ನು ಬಣ್ಣಬಣ್ಣವಾಗಿ ತೋರಿಸುವುದು, ಕೊನೆಗೆ ಅಪಘಾತವೋ ಜೈಲೋ ತಂದು ‘ಇನ್ಸಾಫ್’ ಮಾಡಿಸುವುದು. ಉರ್ದುವಿನಲ್ಲಿ ನ್ಯಾಯವೆಂದು ನಾವು ಬಲ್ಲ ಆ ಅರಬ್ಬಿ ಪದ ಮಲಯ್‌ಗೆ ಹೋಗಿ ‘ತಪ್ಪಿನ ಅರಿವಾಗಿ ತಿರುಗಿ ಬರುವುದು’ ಎಂಬ ಅರ್ಥ ಪಡೆದಿದೆ. ತಿರುಗಿ ಬರುವುದು ಎಲ್ಲಿಗೆ? ನಮಾಜಿನ ಚಾಪೆಗೆ, ತಾಯಿಯ ಪಾದಕ್ಕೆ, ದೇವರಿಗೆ.

ಪ್ರೇಮ ಕಾದಂಬರಿಗಳ ಕಡೆ ಬಂದರೆ ಕ್ಷಮೆ ಇನ್ನೂ ಧಾರಾಳ. ಫೌಝಿಯಾ ಅಶಾರಿಯವರ ‘ಓಂಬಾಕ್ ರಿಂದು’ ಕಾದಂಬರಿಯನ್ನು ಆಧರಿಸಿದ 2011ರ ಚಿತ್ರ ಒಂದು ಕೋಟಿ ರಿಂಗಿಟ್‌ಗೂ ಹೆಚ್ಚು ಗಳಿಸಿತು. ಅದರ ನಾಯಕಿಯನ್ನು ಚಿಕ್ಕಪ್ಪನೇ ಮಾರುತ್ತಾನೆ. ಶ್ರೀಮಂತ ನಾಯಕ ಅವಳ ಮೇಲೆ ಅತ್ಯಾಚಾರ ಎಸಗುತ್ತಾನೆ. ಅವಳು ಅವನ ಬಳಿಯೇ ‘ನನ್ನನ್ನು ನಿಕಾಹ್ ಮಾಡಿಕೊ’ ಎಂದು ಬೇಡುತ್ತಾಳೆ. ಆಮೇಲೆ ಪ್ರೇಮ ಮೊಳೆಯುತ್ತದೆ, ಚಿತ್ರಮಂದಿರ ಅಳುತ್ತದೆ. ನಿಕಾಹ್ ಮೊದಲು, ಪ್ರೇಮ ಆಮೇಲೆ ಎಂಬ ಈ ಕ್ರಮ ಮಲಯ್ ಪ್ರೇಮಕತೆಗಳಲ್ಲಿ ಮತ್ತೆ ಮತ್ತೆ ಕಾಣುವುದಕ್ಕೆ ಭಕ್ತಿಯೊಂದೇ ಕಾರಣವೆಂದು ನಾನು ನಂಬುವುದಿಲ್ಲ. ಮದುವೆಯಾಗದ ಗಂಡು ಹೆಣ್ಣು ಏಕಾಂತದಲ್ಲಿ ಒಟ್ಟಿಗಿರುವುದೇ ಮುಸ್ಲಿಮರಿಗೆ ಅಲ್ಲಿ ‘ಖಲ್ವತ್’ ಎಂಬ ಅಪರಾಧ. ಕೌಲಾಲಂಪುರವೂ ಸೇರಿದ ಒಕ್ಕೂಟ ಪ್ರದೇಶಗಳ 1997ರ ಕಾಯ್ದೆಯಲ್ಲಿ ಇದಕ್ಕೆ 3,000 ರಿಂಗಿಟ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಹೀಗಿರುವಾಗ ಬರೆಯುವವಳು ಏನು ಮಾಡಬೇಕು? ಮೂರನೆಯ ಅಧ್ಯಾಯದಲ್ಲೇ ಮದುವೆ ಮುಗಿಸಿ, ಉಳಿದ ಮುನ್ನೂರು ಪುಟ ಮಲಗುವ ಕೋಣೆಯ ಬಾಗಿಲು ತೆಗೆದಿಟ್ಟರೆ ಯಾರೂ ಕೇಳುವಂತಿಲ್ಲ.

ಇದನ್ನೆಲ್ಲ ಪಕ್ಕದಲ್ಲಿಟ್ಟು ಜೇಸನ್ನನ್ನು ನೋಡಬೇಕು. ‘ಓಂಬಾಕ್ ರಿಂದು’ವಿನ ನಾಯಕನ ಮುಂದೆ ಇವನ ಪಾಪ ಎಷ್ಟರದು! ಆದರೂ ಅವನಿಗೆ ತಿರುಗಿ ಬರಲು ಮನೆ ಇಲ್ಲ. ತಪ್ಪೊಪ್ಪಿಕೊಂಡು ಒರ್ಕೆಡ್‌ಗೆ ಪತ್ರ ಬರೆಯುತ್ತಾನೆ, ನಿಜ. ಆದರೆ ಅವನು ಮಂಡಿಯೂರಬೇಕಾದ ಚಾಪೆ ಅವನದಲ್ಲ. ಮತಾಂತರವಾಗದೆ ಮಲೇಷ್ಯಾದಲ್ಲಿ ಅವನು ಮುಸ್ಲಿಂ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಸಂವಿಧಾನದ 160ನೇ ವಿಧಿ ಮಲಯ್ ಎಂದರೆ ಯಾರು ಎಂಬುದಕ್ಕೆ ಇಸ್ಲಾಂ ಧರ್ಮವನ್ನೇ ಮೊದಲ ಲಕ್ಷಣವಾಗಿ ಹೇಳುತ್ತದೆ. ಮಲಯ್ ಭಾಷೆ, ಮಲಯ್ ಆಚಾರ ಆಮೇಲಿನವು. ಒರ್ಕೆಡ್ ಒಲಿದದ್ದು ಒಬ್ಬ ಪೋಲಿಗೆ ಎಂಬುದರಿಂದ ಯಾರ ನಿದ್ದೆಯೂ ಕೆಡಲಿಲ್ಲ. ಚಿತ್ರ ಬಂದ ಮೇಲೆ ಎದ್ದ ಪ್ರಶ್ನೆ ಇದು: ಇಸ್ಲಾಮಿಗೆ ಬಾ ಎಂದು ಹುಡುಗಿ ಅವನನ್ನು ಒಮ್ಮೆಯಾದರೂ ಕೇಳಲಿಲ್ಲ ಏಕೆ?

ಇದಕ್ಕೆ ನಿರ್ದೇಶಕಿಯ ಬದುಕಿನಲ್ಲೇ ಒಂದು ಉತ್ತರವಿದೆ. ಆಕೆಯ ಗಂಡ ತಾನ್ ಯೂ ಲಿಯಾಂಗ್ ಇಸ್ಲಾಂ ಸ್ವೀಕರಿಸಿದ ಚೀನೀಯರು. ಮತಾಂತರದ ಮದುವೆ ಹೇಗೆ ನಡೆಯುತ್ತದೆ ಎಂಬುದು ಆಕೆಗೆ ಯಾವ ಟೀಕಾಕಾರನಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಪ್ರಶ್ನೆಯನ್ನು ಹುಡುಗಿಯ ಬಾಯಲ್ಲಿ ಇಡಲಿಲ್ಲ. ಹದಿನೇಳರ ಹುಡುಗಿ ಮೊದಲ ಭೇಟಿಯಲ್ಲಿ, ಇಸ್ಲಾಂ ಸ್ವೀಕರಿಸುವವರು ಹೇಳುವ ಕಲಿಮಾದ ಮಾತೆತ್ತುತ್ತಾಳೆಯೇ? ಅವಳು ಕೇಳುವುದು ಸಿನಿಮಾ ಬಗ್ಗೆ, ಕವಿತೆ ಬಗ್ಗೆ. ಪ್ರೇಮಿಗಳು ಮಾತಾಡುವುದೂ ಅದನ್ನೇ.

ಭಾಷೆಯೂ ಕಿರಿಕಿರಿ ಎಬ್ಬಿಸಿತು. ಒಂದೇ ವಾಕ್ಯದಲ್ಲಿ ಮಲಯ್ ಶುರುವಾಗಿ ಇಂಗ್ಲಿಷಿನಲ್ಲಿ ಹೊರಳಿ ಕ್ಯಾಂಟನೀಸ್‌ನಲ್ಲಿ ಮುಗಿಯುವ ಮಾತನ್ನು ಅಲ್ಲಿ ‘ರೋಜಾಕ್’ ಭಾಷೆ ಎನ್ನುತ್ತಾರೆ. ರೋಜಾಕ್ ಎಂದರೆ ಹಣ್ಣು ತರಕಾರಿ ಹೆಚ್ಚಿ ಹುಳಿ ಸಿಹಿ ಖಾರ ಬೆರೆಸಿದ ಬೀದಿ ತಿನಿಸು. ತಿನ್ನಲು ಎಲ್ಲರಿಗೂ ಬೇಕು, ಮಾತಾಡಿದರೆ ಮಾತ್ರ ರಾಷ್ಟ್ರಭಾಷೆಗೆ ಅವಮಾನ.

ಇನ್ನೊಂದು ವಿಷಯವನ್ನು ಚಿತ್ರ ಬಹಳ ಮೆಲ್ಲಗೆ, ಹೆಚ್ಚುಕಡಿಮೆ ಬೆನ್ನು ತಿರುಗಿಸಿ ಹೇಳುತ್ತದೆ. ಪರೀಕ್ಷೆಯ ಫಲಿತಾಂಶ ಬರುತ್ತದೆ. ಹುಡುಗನ ಅಂಕ ಹುಡುಗಿಯದಕ್ಕಿಂತ ಮೇಲು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೊರಡುವವಳು ಹುಡುಗಿ. ಹುಡುಗ ಮೇಜಿನ ಹಿಂದೆಯೇ ಉಳಿಯುತ್ತಾನೆ. 1969ರ ಮೇ 13ರ ಜನಾಂಗ ಗಲಭೆಯ ನಂತರ 1971ರಲ್ಲಿ ತಂದ ಹೊಸ ಆರ್ಥಿಕ ನೀತಿ ಮಲಯ್ ಮತ್ತಿತರ ಭೂಮಿಪುತ್ರರಿಗೆ ಶಿಕ್ಷಣ, ಉದ್ಯೋಗ, ಬಂಡವಾಳಗಳಲ್ಲಿ ಪಾಲು ಕಾದಿರಿಸಿತು. ಅದಕ್ಕೆ ಕಾರಣಗಳಿದ್ದವು, ಬಡ ಮಲಯ್ ಹಳ್ಳಿಗಳ ಸ್ಥಿತಿ ಅಂಥದ್ದೇ ಇತ್ತು. ಮೀಸಲಾತಿಯ ನ್ಯಾಯ ಅನ್ಯಾಯಗಳನ್ನು ಚಹಾದ ಜೊತೆ ಅರೆದು ಕುಡಿದಿರುವ ಕನ್ನಡದ ಓದುಗರಿಗೆ ನಾನು ವಿಸ್ತರಿಸಿ ಹೇಳಬೇಕಿಲ್ಲ. ಒರ್ಕೆಡ್‌ನ ಮನೆಯೇನೂ ಬಡ ಹಳ್ಳಿಯಲ್ಲಿಲ್ಲ ಎಂಬುದನ್ನಷ್ಟೇ ನೆನಪಿಡಬೇಕು. ದಾರಿ ತಪ್ಪಿದ ಯುವಕ ಎನ್ನುವಾಗ ಎಷ್ಟು ದಾರಿಗಳು ಅವನ ಮುಂದೆ ತೆರೆದಿದ್ದವು ಎಂದು ಎಣಿಸುವುದು ‘ರೆಂಪ್-ಇಟ್’ ಜಾತಿಯ ಚಿತ್ರಗಳ ಅಭ್ಯಾಸವಲ್ಲ. ಇಲ್ಲಿ ಒಂದೇ ಸಾಲಿನಲ್ಲಿ ಆ ಲೆಕ್ಕ ಮುಗಿಯುತ್ತದೆ, ಮತ್ತು ಅದೇ ಸಾಲು ಹೆಚ್ಚು ನೋಯಿಸುತ್ತದೆ.

ಕೊನೆಯ ದೃಶ್ಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ಪುಂಡನ ತಂಗಿಯ ಬಸಿರಿನ ಸುದ್ದಿ ತಿಳಿದು ಒರ್ಕೆಡ್ ಮಾತು ಬಿಟ್ಟಿದ್ದಾಳೆ. ವಿಮಾನ ಹತ್ತುವ ದಿನ, ಕಾರಿನ ಹಿಂದಿನ ಸೀಟಿನಲ್ಲಿ ಅವನ ಪತ್ರ ಬಿಡಿಸಿ ಓದುತ್ತಾಳೆ. ಅಳು ತಡೆಯಲಾಗುವುದಿಲ್ಲ. ಪಕ್ಕದಲ್ಲಿರುವ ಅಮ್ಮ ಬೈಯುವುದಿಲ್ಲ. ಫೋನ್ ಮಾಡು ಎನ್ನುತ್ತಾಳೆ. ಇತ್ತ ಹುಡುಗ ಬೈಕ್ ಏರಿ ವಿಮಾನ ನಿಲ್ದಾಣದ ಕಡೆ ಧಾವಿಸುತ್ತಿದ್ದಾನೆ. ಮುಂದಿನ ದೃಶ್ಯದಲ್ಲಿ ಅವನು ರಸ್ತೆಯ ಮೇಲೆ ರಕ್ತದಲ್ಲಿ ಬಿದ್ದಿದ್ದಾನೆ. ಮೊಬೈಲ್ ರಿಂಗಣಿಸುತ್ತದೆ. ಆ ಕಡೆಯಿಂದ ಅವನ ದನಿ ಕೇಳಿಸುತ್ತದೆ, ಇಬ್ಬರೂ ಮಾತಾಡುತ್ತಾರೆ. ಸತ್ತವನು ಹೇಗೆ ಮಾತಾಡಿದ? ಬದುಕಿದ್ದಾನೆಯೇ? ಚಿತ್ರ ಹೇಳುವುದಿಲ್ಲ.

ಅಡ್ಡಗೋಡೆಯ ಮೇಲೆ ಇಟ್ಟ ದೀಪ ಎಂದು ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಮದುವೆಯೆಂಬ ಪ್ರಶ್ನೆ ಎದುರಾಗುವ ಹೊತ್ತಿಗೆ ಸರಿಯಾಗಿ ಒಂದು ಅಪಘಾತ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೈಕ್ ಅಪಘಾತ ಎಂಬುದು ರೆಂಪಿತ್ ಚಿತ್ರಗಳ ಶಿಕ್ಷೆ ಬೇರೆ. ಎರಡನೆಯ ಸಲ ಸಿಟ್ಟು ಅರ್ಧ ಇಳಿಯಿತು. ಈ ಜೋಡಿಗೆ ಸುಖಾಂತ ಕೊಡಲು ನಿರ್ದೇಶಕಿ ಒಪ್ಪಿದರೂ ಕಾನೂನು ಒಪ್ಪುವಂತಿಲ್ಲ. ಆಕೆಯ ಮುಂದಿದ್ದದ್ದು ಎರಡೇ ದಾರಿ: ಹುಡುಗನನ್ನು ಮತಾಂತರಿಸುವುದು, ಇಲ್ಲವೇ ದೇಶ ಬಿಡಿಸುವುದು. ಮೊದಲನೆಯದು ಮಾಡಿದ್ದರೆ ‘ಸೆಪೆಟ್’ ಇನ್ನೊಂದು ಇನ್ಸಾಫ್ ಚಿತ್ರವಾಗುತ್ತಿತ್ತು. ದೇಹವನ್ನು ರಸ್ತೆಯಲ್ಲಿ ಬಿಟ್ಟು ದನಿಯನ್ನು ಫೋನಿನಲ್ಲಿ ಉಳಿಸಿದ್ದು ಮೂರನೆಯ ದಾರಿ. ಅಷ್ಟಾದರೂ ಉಳಿದ ಅರ್ಧ ಸಿಟ್ಟನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ, ಅದರ ಕಾರಣ ಬೇರೆ. ಆ ಬಸುರಿ ಹುಡುಗಿ. ಮನೆಗೆಲಸದವಳಿಗೆ, ಜಗಳಗಂಟ ಅಪ್ಪನಿಗೆ, ಕೊನೆಗೆ ಟಾಗೋರರಿಗೂ ಜಾಗ ಮಾಡಿಕೊಟ್ಟ ಚಿತ್ರ ಅವಳನ್ನು ಕತೆಯ ಒಂದು ಮೊಳೆಯಂತೆ ಹೊಡೆದು ಮುಂದೆ ಹೋಗುತ್ತದೆ. ಅವಳೂ ಅದೇ ಊರಿನ, ಅದೇ ವಯಸ್ಸಿನ ಹೆಣ್ಣು. ಅವಳ ಕಪಾಟಿನ ಒಳಮೈಯಲ್ಲಿ ಯಾರ ಚಿತ್ರ ಅಂಟಿಸಿದೆ ಎಂದು ಯಾಸ್ಮಿನ್ ಬಾಗಿಲು ತೆರೆದು ನೋಡಲಿಲ್ಲ.

ಸೆನ್ಸಾರ್ ಮಂಡಳಿ ಹಲವು ಕಡೆ ಕತ್ತರಿ ಆಡಿಸಿತು. ಆದರೂ ಅದೇ ವರ್ಷ ಮಲೇಷ್ಯಾ ಚಲನಚಿತ್ರೋತ್ಸವ ಇದನ್ನೇ ಅತ್ಯುತ್ತಮ ಚಿತ್ರವೆಂದು ಆರಿಸಿತು. ಟೋಕಿಯೊ ಉತ್ಸವದಲ್ಲಿ ಅತ್ಯುತ್ತಮ ಏಷ್ಯನ್ ಚಿತ್ರ ಪ್ರಶಸ್ತಿ ಬಂತು. ಬಾಗಿಲಲ್ಲಿ ಬೈದು, ಒಳಗೆ ಕರೆದು ಹಾರ ಹಾಕಿದ ಹಾಗೆ. ಮುಂದಿನ ವರ್ಷ ಅದರ ಮುಂದುವರಿಕೆ ‘ಗುಬ್ರಾ’ ತೆರೆಕಂಡಿತು. ಅದರಲ್ಲಿ ಮಸೀದಿಯಲ್ಲಿ ಬಾಂಗ್ ಕೂಗುವವನೊಬ್ಬ ನೆರೆಯ ವೇಶ್ಯೆಯರೊಂದಿಗೆ ಮನುಷ್ಯನಂತೆ ನಡೆದುಕೊಳ್ಳುತ್ತಾನೆ, ಬೀದಿಯ ನಾಯಿಯನ್ನು ಮುಟ್ಟುತ್ತಾನೆ. 2006ರ ಏಪ್ರಿಲ್‌ನಲ್ಲಿ ಸರ್ಕಾರಿ ದೂರದರ್ಶನ ಈ ಎರಡು ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಇವು ಸಂಸ್ಕೃತಿಯನ್ನು ಕೆಡಿಸುತ್ತಿವೆಯೇ ಎಂದು ಚರ್ಚೆಯನ್ನೇ ನಡೆಸಿತು. ಅತ್ತ ‘ರೆಂಪ್-ಇಟ್’ನಂಥವು ಅದೇ ವರ್ಷ ಹೆದ್ದಾರಿ ಪಂದ್ಯಗಳನ್ನು ತೋರಿಸಿ ಹಣ ಎಣಿಸಿಕೊಳ್ಳುತ್ತಿದ್ದವು. ಕೊನೆಗೆ ಕಿವಿ ಹಿಂಡುವ ಶಾಸ್ತ್ರ ಮುಗಿಸಿದರೆ ಸಂಸ್ಕೃತಿ ಕೆಡುವುದಿಲ್ಲವೇನೋ.

ಯಾಸ್ಮಿನ್ ಜಗ್ಗಲಿಲ್ಲ. 2007ರ ‘ಮುಖ್ಸಿನ್’ನಲ್ಲಿ ಹಿಂದಕ್ಕೆ ಹೋಗಿ ಒರ್ಕೆಡ್‌ನ ಹತ್ತರ ವಯಸ್ಸನ್ನು ತೋರಿಸಿದರು, ಬರ್ಲಿನ್ ಉತ್ಸವದ ಮಕ್ಕಳ ವಿಭಾಗದಲ್ಲಿ ಅದು ಪ್ರಶಸ್ತಿ ಪಡೆಯಿತು. 2009ರ ‘ಟ್ಯಾಲೆಂಟೈಮ್’ನಲ್ಲಿ ಹುಡುಗ ಮಹೇಶ್, ಕಿವಿ ಕೇಳದ ಭಾರತೀಯ ಮೂಲದವನು, ಹುಡುಗಿ ಮೆಲೂರ್, ಮಲಯ್ ಮುಸ್ಲಿಂ. ಮತ್ತೆ ಅದೇ ಗೋಡೆ, ಈ ಸಲ ಎರಡೂ ಮನೆಗಳ ಕಡೆಯಿಂದ. ಅದೇ ವರ್ಷ ಜುಲೈ 25ರಂದು ಐವತ್ತೊಂದರ ವಯಸ್ಸಿನಲ್ಲಿ ಆಕೆ ತೀರಿಕೊಂಡರು.

‘ಗುಬ್ರಾ’ದಲ್ಲಿ ಫೋನಿನ ಒಗಟು ಬಿಡುತ್ತದೆ. ಜೇಸನ್ ಅಂದೇ ಸತ್ತಿದ್ದ. ಒರ್ಕೆಡ್ ಈಗ ತನಗಿಂತ ಹಿರಿಯನಾದ ಮಲಯ್ ಮುಸ್ಲಿಂ ಒಬ್ಬನ ಹೆಂಡತಿ. ಎಲ್ಲರೂ ಒಪ್ಪುವ ಮದುವೆ, ಜನಾಂಗ ಸರಿ, ಧರ್ಮ ಸರಿ. ಆ ಗಂಡ ಅವಳಿಗೆ ಮೋಸ ಮಾಡುತ್ತಾನೆ. ಆಸ್ಪತ್ರೆಯಲ್ಲಿ ಜೇಸನ್ನನ ಅಣ್ಣ ಸಿಗುತ್ತಾನೆ, ಹಳೆಯ ನೆನಪುಗಳು ಏಳುತ್ತವೆ. ಚಿತ್ರ ಮುಗಿದು ಹೆಸರುಗಳು ಮೇಲೇರತೊಡಗುತ್ತವೆ, ಜನ ಚಪ್ಪಲಿ ಹುಡುಕುತ್ತ ಏಳುತ್ತಾರೆ. ಹೆಸರುಗಳೆಲ್ಲ ಮುಗಿದ ಮೇಲೆ ತೆರೆಯಲ್ಲಿ ಇನ್ನೊಂದು ತುಣುಕಿದೆ: ಒಂದು ಹಾಸಿಗೆ, ಅದರಲ್ಲಿ ಒರ್ಕೆಡ್, ಪಕ್ಕದಲ್ಲಿ ಜೇಸನ್.